ಗಿಡದಲ್ಲಿ ಲಸಿಕೆ ಬೆಳೆಯಲಿ, ಗದ್ದೆಯಲ್ಲಿ ಬೇಡ

ಒಬ್ಬರು: ಕಾರವಾರದಿಂದ ಅಂಕೋಲೆಯ ಕಡೆ ಹೊರಟರೆ ಹೆದ್ದಾರಿಯಲ್ಲೇ ಹಟ್ಟಿಕೇರಿ ಸಿಗುತ್ತದೆ. ದಾರಿಹೋಕರಿಗೆ ಅದು ಟೋಲ್ ಕಟ್ಟುವ ಊರು. ಆ ಕರಾವಳಿ ಪಟ್ಟಿಯ ರೈತರಿಗೆ ಅದು ಮಳೆಗಾಲದಲ್ಲಿ ಭತ್ತ, ನೀರು ಇಳಿದ ಮೇಲೆ ಶೇಂಗಾ ಬೆಳೆಯುವ ಮರಳುಮಣ್ಣಿನ ಸೀಮೆ. ಇದೇ ಶೇಂಗಾ ಗಿಡದ ಎಲೆಯಲ್ಲಿ ಕರುಳಿನ ರೋಗಕ್ಕೆ ಲಸಿಕೆ ತಯಾರಿಸಬಹುದು, ಸೂಜಿ ಬೇಡ, ತಿನ್ನಿಸಿದರೆ ಸಾಕು ಎಂದು ನೀವು ಹೇಳುತ್ತೀರಿ. ಈ ಸುದ್ದಿ ಮೂವತ್ತು ವರ್ಷಗಳಿಂದ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಬಾಳೆಹಣ್ಣು ತಿಂದರೆ ಕಾಮಾಲೆ ಬಾರದು, ಟೊಮೆಟೊ ತಿಂದರೆ ಕಾಲರಾ ತಾಗದು ಎಂದೆಲ್ಲ ಓದಿದ್ದೇವೆ. ಆ ಬಾಳೆಹಣ್ಣು ಇವತ್ತಿಗೂ ಯಾವ ಅಂಗಡಿಗೂ ಬಂದಿಲ್ಲ. ಇಷ್ಟು ಕಾಲ ಕಾದರೂ ಕೈಗೆ ಸಿಗದ್ದನ್ನು ಈಗ ಯಾವ ಆಧಾರದ ಮೇಲೆ ನಂಬಬೇಕು?

ಇನ್ನೊಬ್ಬರು: ನಂಬಬೇಡಿ, ಆಗಿರುವುದನ್ನೂ ಆಗದೇ ಉಳಿದದ್ದನ್ನೂ ಬೇರೆ ಬೇರೆ ಇಟ್ಟು ನೋಡಿ. ಆಗಿರುವುದರಲ್ಲಿ ಒಂದು ಮುಖ್ಯ ಕೆಲಸ ನಮ್ಮ ಬೆಂಗಳೂರಿನಲ್ಲೇ ನಡೆದದ್ದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಸ್ಯ ವಿಜ್ಞಾನಿ ಜಿ. ಲಕ್ಷ್ಮೀಸೀತಾ ಮತ್ತು ವೈರಾಣು ವಿಜ್ಞಾನಿ ಎಂ.ಎಸ್. ಶೈಲಾ ಅವರ ತಂಡಗಳು ಕೂಡಿ ದನಗಳ ದೊಡ್ಡರೋಗವನ್ನು, ಅಂದರೆ ರಿಂಡರ್‌ಪೆಸ್ಟನ್ನು ಕೈಗೆತ್ತಿಕೊಂಡವು. ಜ್ವರ ಬಂದು, ಬಾಯಿ ಹುಣ್ಣಾಗಿ, ಕಣ್ಣು ಮೂಗಿನಲ್ಲಿ ನೀರು ಸುರಿದು, ಕೊನೆಗೆ ಕರುಳು ಕಿತ್ತುಬರುವಂತೆ ಭೇದಿಯಾಗಿ ದನ ಸಾಯುತ್ತಿದ್ದ ರೋಗ ಅದು. ಅದರ ವೈರಾಣುವಿನ ಮೈಮೇಲೆ ಎಚ್ ಎಂಬ ಒಂದು ಪ್ರೋಟೀನ್ ಇದೆ. ವೈರಾಣು ದನದ ಜೀವಕೋಶಕ್ಕೆ ಅಂಟಿಕೊಳ್ಳುವುದು ಅದರ ಮೂಲಕ. ಆ ಒಂದು ಪ್ರೋಟೀನಿನ ಜೀನನ್ನು ಮಾತ್ರ ತೆಗೆದು, ಗಿಡಗಳಿಗೆ ಜೀನ್ ಸೇರಿಸುವ ಗುಣ ಸಹಜವಾಗಿಯೇ ಇರುವ ಅಗ್ರೊಬ್ಯಾಕ್ಟೀರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಮೂಲಕ ಶೇಂಗಾ ಮತ್ತು ತೊಗರಿ ಗಿಡಗಳಿಗೆ ಸೇರಿಸಿದರು. ಗಿಡ ತನ್ನ ಎಲೆಯಲ್ಲಿ ವೈರಾಣುವಿನ ಆ ತುಣುಕನ್ನು ತಯಾರಿಸಿತು. 2003ರಲ್ಲಿ ಪ್ರಕಟವಾದ ಅವರ ಪ್ರಬಂಧಗಳಲ್ಲಿ ಮೊದಲು ಇಲಿಗಳಿಗೆ, ಆಮೇಲೆ ದನಗಳಿಗೆ ಈ ಶೇಂಗಾ ಎಲೆ ತಿನ್ನಿಸಿದ ಫಲಿತಾಂಶ ಇದೆ. ಜೊತೆಗೆ ಬೇರಾವ ಉತ್ತೇಜಕ ಔಷಧಿಯನ್ನೂ ಕೊಡದೆ, ಬರೀ ಎಲೆ ತಿಂದ ದನಗಳ ರಕ್ತದಲ್ಲಿ ರೋಗದ ವಿರುದ್ಧ ಪ್ರತಿಕಾಯಗಳು ಹುಟ್ಟಿದವು. ಪ್ರಯೋಗಾಲಯದ ತಟ್ಟೆಯಲ್ಲಿ ಆ ಪ್ರತಿಕಾಯಗಳು ವೈರಾಣುವನ್ನು ತಡೆದವು. 2011ರಲ್ಲಿ ಅದೇ ದಾರಿಯಲ್ಲಿ ಕುರಿ ಮೇಕೆಗಳ ಪಿಪಿಆರ್ ವೈರಾಣುವಿನ ಪ್ರೋಟೀನನ್ನು ಶೇಂಗಾದಲ್ಲಿ ಬೆಳೆದು, ಕುರಿಗಳಿಗೆ ತಿನ್ನಿಸಿ ನೋಡಿದ ವರದಿಯೂ ಬಂತು. ಅಲ್ಲೂ ಪ್ರತಿಕಾಯಗಳು ಕಂಡವು. ಗಿಡ ಲಸಿಕೆಯ ಕಚ್ಚಾವಸ್ತುವನ್ನು ಮಾಡಬಲ್ಲದು, ತಿಂದ ಪ್ರಾಣಿಯ ಮೈ ಅದನ್ನು ಗುರುತಿಸಬಲ್ಲದು. ಇಷ್ಟು ಆಗಿದೆ. ಹಾಗೆ ತಿಂದ ಕುರಿ ಬಯಲಿನಲ್ಲಿ ರೋಗ ಬಂದಾಗ ಉಳಿಯುತ್ತದೆಯೇ, ಎಷ್ಟು ತಿಂದರೆ ಎಷ್ಟು ಕಾಲ ಉಳಿಯುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಪತ್ರಿಕೆಗಳು ಈ ಎರಡನ್ನೂ ಒಂದೇ ಎಂಬಂತೆ ಬರೆದದ್ದರಿಂದ ಜನರಿಗೆ ನಿರಾಸೆಯಾಗಿದೆ.

ಒಬ್ಬರು: ಆದರೆ ಆ ದೊಡ್ಡರೋಗ ಶೇಂಗಾ ಬರುವ ಮೊದಲೇ ಹೋಗಿತ್ತಲ್ಲ! ಭಾರತದಲ್ಲಿ ಕೊನೆಯ ಪ್ರಕರಣ 1995ರದ್ದು. 2011ರಲ್ಲಿ ಇಡೀ ಭೂಮಿಯಿಂದಲೇ ರೋಗ ನಿರ್ಮೂಲವಾಯಿತು ಎಂದು ಘೋಷಿಸಿದರು. ಸಿಡುಬಿನ ನಂತರ ಮನುಷ್ಯ ಪೂರ್ತಿ ಅಳಿಸಿಹಾಕಿದ ಎರಡನೆಯ ರೋಗ ಅದು. ಅಳಿಸಿದ್ದು ಸೂಜಿ ಲಸಿಕೆ. ವಾಲ್ಟರ್ ಪ್ಲೋರೈಟ್ ಎಂಬ ಪಶುವೈದ್ಯರು ಕೀನ್ಯಾದಲ್ಲಿ ರೂಪಿಸಿದ ಲಸಿಕೆ ಒಮ್ಮೆ ಕೊಟ್ಟರೆ ದನದ ಬಾಳೆಲ್ಲ ಕಾಯುತ್ತಿತ್ತು. ಪಿಪಿಆರ್‌ಗೂ ನಮ್ಮಲ್ಲಿ ಒಳ್ಳೆಯ ಸೂಜಿ ಲಸಿಕೆ ಇದೆ, ಹೆಬ್ಬಾಳದಲ್ಲೇ ತಯಾರಾಗುತ್ತದೆ. ಹೀಗಿರುವಾಗ ಗಿಡದ ದಾರಿ ಯಾಕೆ?

ಇನ್ನೊಬ್ಬರು: ದೊಡ್ಡರೋಗ ಹೋದ ಕತೆಯ ಕೊನೆಯ ಅಧ್ಯಾಯವನ್ನು ಸರಿಯಾಗಿ ಓದಿದರೆ ಗಿಡದ ದಾರಿ ಯಾಕೆ ಬೇಕು ಎಂಬುದು ಅಲ್ಲೇ ಇದೆ. ಪ್ಲೋರೈಟ್ ಲಸಿಕೆ ಅಷ್ಟು ಒಳ್ಳೆಯದಾಗಿದ್ದರೂ ಆಫ್ರಿಕಾದ ಮೂಲೆಗಳಲ್ಲಿ ರೋಗ ಉಳಿದುಕೊಂಡಿತ್ತು, ಏಕೆಂದರೆ ಅದನ್ನು ಸದಾ ತಣ್ಣಗಿಡಬೇಕಿತ್ತು. ದಾರಿಯಿಲ್ಲದ, ಕರೆಂಟಿಲ್ಲದ, ಜಗಳಗಳು ನಡೆಯುತ್ತಿದ್ದ ಸೀಮೆಗೆ ಮಂಜುಗಡ್ಡೆಯ ಪೆಟ್ಟಿಗೆ ಹೊತ್ತು ಹೋಗುವವರು ಯಾರು? ಜೆಫ್ರಿ ಮ್ಯಾರಿನರ್ ಎಂಬ ವಿಜ್ಞಾನಿ ಅದೇ ಲಸಿಕೆಯನ್ನು ಒಣಗಿಸುವ ಕ್ರಮ ಬದಲಿಸಿ, ಶೀತಲ ಪೆಟ್ಟಿಗೆಯಿಲ್ಲದೆ ಸುಮಾರು ಒಂದು ತಿಂಗಳು ತಾಳುವಂತೆ ಮಾಡಿದ ಮೇಲೆ, ದನಗಾಹಿಗಳಿಗೇ ತರಬೇತಿ ಕೊಟ್ಟು ಅವರ ಕೈಯಲ್ಲೇ ಲಸಿಕೆ ಹಾಕಿಸಿದರು. ಆಗ ಆ ಮೂಲೆಗಳೂ ತೆರವಾದವು. ಕೊನೆಯ ಗೆಲುವು ಬಂದದ್ದು ಲಸಿಕೆ ಬಿಸಿಲು ತಾಳಿದ್ದರಿಂದ ಮತ್ತು ಅದು ದನ ಕಾಯುವವನ ಕೈಗೆ ಸಿಕ್ಕಿದ್ದರಿಂದ. ಒಣಗಿಸಿದ ಎಲೆ ಅಥವಾ ಕಾಳಿನೊಳಗೆ ಕೂತ ಪ್ರೋಟೀನಿಗೆ ಈ ಎರಡು ಗುಣಗಳೂ ಸಹಜವಾಗಿ ಒದಗಬಲ್ಲವು.

ಇನ್ನೂ ಒಂದು ಕಾರಣವಿದೆ, ಅದರ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. ಈಗಿನ ಪಿಪಿಆರ್ ಲಸಿಕೆ ಜೀವಂತ ವೈರಾಣುವಿನದು, ದುರ್ಬಲಗೊಳಿಸಿದ್ದು. ಅದನ್ನು ಹಾಕಿಸಿಕೊಂಡ ಕುರಿಯ ರಕ್ತವನ್ನೂ ರೋಗ ತಗುಲಿ ಬದುಕಿದ ಕುರಿಯ ರಕ್ತವನ್ನೂ ಪರೀಕ್ಷಿಸಿದರೆ ಒಂದೇ ಉತ್ತರ ಬರುತ್ತದೆ. ರೋಗ ಎಲ್ಲೆಡೆ ಇರುವಾಗ ಇದರಿಂದ ತೊಂದರೆಯಿಲ್ಲ. ಆದರೆ ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆ 2030ರೊಳಗೆ ಪಿಪಿಆರ್ ಅಳಿಸಬೇಕೆಂಬ ಗುರಿ ಇಟ್ಟುಕೊಂಡಿದೆ. ಅಳಿಸುವ ಕೊನೆಯ ಹಂತದಲ್ಲಿ ಯಾವ ಮಂದೆಯಲ್ಲಿ ವೈರಾಣು ಇನ್ನೂ ಅಡಗಿದೆ ಎಂದು ಹುಡುಕಬೇಕು. ಎಲ್ಲ ಕುರಿಗಳ ರಕ್ತವೂ ಒಂದೇ ಉತ್ತರ ಕೊಟ್ಟರೆ ಹುಡುಕುವುದು ಹೇಗೆ? ಶೇಂಗಾ ಎಲೆಯಲ್ಲಿರುವುದು ವೈರಾಣುವಿನ ಒಂದೇ ಪ್ರೋಟೀನ್. ಅದನ್ನು ತಿಂದ ಕುರಿಯಲ್ಲಿ ಆ ಒಂದಕ್ಕೆ ಮಾತ್ರ ಪ್ರತಿಕಾಯ ಹುಟ್ಟುತ್ತದೆ. ನಿಜವಾಗಿ ರೋಗ ತಗುಲಿದ ಕುರಿಯಲ್ಲಿ ವೈರಾಣುವಿನ ಉಳಿದ ಪ್ರೋಟೀನುಗಳಿಗೂ ಹುಟ್ಟುತ್ತದೆ. ಒಂದು ರಕ್ತಪರೀಕ್ಷೆಯಲ್ಲಿ ಎರಡನ್ನೂ ಬೇರ್ಪಡಿಸಬಹುದು. ಹಾಗೆಂದು ಸೂಜಿ ಲಸಿಕೆಯನ್ನು ಬದಿಗಿಡಿ ಎನ್ನುವುದಿಲ್ಲ. ರೋಗವನ್ನು ಮುಕ್ಕಾಲು ಪಾಲು ತಗ್ಗಿಸುವ ಕೆಲಸ ಅದರದೇ. ಉಳಿದ ಕಾಲು ಭಾಗಕ್ಕೆ ಬೇರೊಂದು ಸಾಧನ ಸಿದ್ಧವಿರಬೇಕು, ಅದು ಬೇಕಾದ ದಿನ ಕುಳಿತು ಮಾಡಲು ಬರುವುದಿಲ್ಲ.

ಒಬ್ಬರು: ಕುರಿಯ ಮಾತು ಹಾವೇರಿಗೆ, ಗದಗಕ್ಕೆ, ಚಿತ್ರದುರ್ಗಕ್ಕೆ ಸರಿ. ಅಲ್ಲಿ ಹಿರೇಬೇನೆ, ಅಂದರೆ ಇದೇ ಪಿಪಿಆರ್, ಬಂದರೆ ಮಂದೆಗೆ ಮಂದೆಯೇ ಮಲಗುತ್ತದೆ. ನಮ್ಮ ಜಡಿಮಳೆಯ ಕರಾವಳಿ ಕುರಿಯ ನಾಡಲ್ಲ. ಹಟ್ಟಿಕೇರಿಯ ತಾಯಿಗೆ ಬೇಕಾದದ್ದು ಆಷಾಢದಲ್ಲಿ ಮಗುವಿಗೆ ವಾಂತಿ ಭೇದಿ ಶುರುವಾಗದಂತೆ ಕಾಯುವ ಲಸಿಕೆ. ಅದರಲ್ಲಿ ಗಿಡ ಏನು ಮಾಡಿದೆ?

ಇನ್ನೊಬ್ಬರು: ಮಕ್ಕಳ ಕರುಳಿನ ವೈರಾಣುಗಳಲ್ಲಿ ನಮಗೆ ಮುಖ್ಯವಾದವು ಮೂರು. ಪೋಲಿಯೋ ಹೋಯಿತು. ಅದನ್ನು ಓಡಿಸಿದ್ದು ಬಾಯಿಗೆ ಹಾಕಿದ ಎರಡು ಹನಿ. 2011ರ ಜನವರಿ 13ರಂದು ಹೌರಾದಲ್ಲಿ ಕಂಡದ್ದೇ ದೇಶದ ಕೊನೆಯ ಪ್ರಕರಣ, 2014ರ ಮಾರ್ಚ್ 27ರಂದು ಪ್ರಮಾಣಪತ್ರ ಸಿಕ್ಕಿತು. ಬಾಯಿಯ ದಾರಿ ಯಾಕೆ ಮುಖ್ಯ ಎಂದರೆ, ತೋಳಿಗೆ ಚುಚ್ಚಿದ ಲಸಿಕೆ ರಕ್ತವನ್ನು ಕಾಯುತ್ತದೆ, ಕರುಳಿನ ಒಳಗೋಡೆಯನ್ನು ಅಷ್ಟಾಗಿ ಕಾಯುವುದಿಲ್ಲ. ನುಂಗಿದ ಲಸಿಕೆ ಆ ಗೋಡೆಯಲ್ಲೇ ಕಾವಲು ಕೂರಿಸುತ್ತದೆ. ಹನಿಯಲ್ಲೂ ಒಂದು ದೋಷವಿತ್ತು. ಅದರಲ್ಲಿದ್ದ ದುರ್ಬಲ ವೈರಾಣು ಅಪರೂಪಕ್ಕೆ, ಲಸಿಕೆ ಸಿಗದ ಮಕ್ಕಳು ಹೆಚ್ಚಿರುವ ಕಡೆ, ಮತ್ತೆ ಬಲ ಪಡೆದು ರೋಗ ಹರಡಬಹುದು. 2016ರ ಏಪ್ರಿಲ್‌ನಲ್ಲಿ ಎರಡನೆಯ ಬಗೆಯ ವೈರಾಣುವನ್ನು ಹನಿಯಿಂದ ಜಗತ್ತಿನಾದ್ಯಂತ ತೆಗೆದದ್ದು ಈ ಕಾರಣಕ್ಕೇ. ಗಿಡದಲ್ಲಿ ಬೆಳೆದ ಒಂಟಿ ಪ್ರೋಟೀನಿನಲ್ಲಿ ವೈರಾಣುವೇ ಇಲ್ಲವಾದ್ದರಿಂದ ಮತ್ತೆ ಬಲ ಪಡೆಯುವ ಮಾತೇ ಇಲ್ಲ.

ಎರಡನೆಯದು ರೋಟಾ. 1973ರಲ್ಲಿ ಮೆಲ್ಬರ್ನಿನ ಮಕ್ಕಳ ಕರುಳಿನ ತುಣುಕುಗಳಲ್ಲಿ ರೂತ್ ಬಿಷಪ್ ಮತ್ತು ಅವರ ಸಂಗಡಿಗರು ಗುರುತಿಸಿದ ವೈರಾಣು ಇದು. ನಮ್ಮ ದೇಶದ ಲಸಿಕೆ ರೋಟಾವ್ಯಾಕ್ ಹುಟ್ಟಿದ್ದು ದೆಹಲಿಯ ನವಜಾತ ಶಿಶುಗಳಲ್ಲಿ ಸಿಕ್ಕ ಒಂದು ತಳಿಯಿಂದ. ಅಂಥದೇ ಇನ್ನೊಂದು ತಳಿಯನ್ನು ಬೆಂಗಳೂರಿನ ಶಿಶುಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಅವರ ಪ್ರಯೋಗಾಲಯ ಅಧ್ಯಯನ ಮಾಡಿತ್ತು. ಮೂರನೆಯದು ನೊರೊ. 1968ರಲ್ಲಿ ಅಮೆರಿಕದ ನೊರ್ವಾಕ್ ಎಂಬ ಊರಿನ ಶಾಲೆಯೊಂದರಲ್ಲಿ ಮಕ್ಕಳೂ ಶಿಕ್ಷಕರೂ ಒಟ್ಟಿಗೇ ವಾಂತಿ ಮಾಡಿಕೊಂಡಾಗಿನಿಂದ ಆ ಹೆಸರು. 2021ರಲ್ಲಿ ನಮ್ಮ ಪಕ್ಕದ ವಯನಾಡಿನ ಪಶುವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳಲ್ಲೂ ಇದೇ ಕಾಣಿಸಿಕೊಂಡಿತ್ತು. ಈ ನೊರೊಗೆ ಅನುಮತಿ ಪಡೆದ ಲಸಿಕೆ ಇವತ್ತಿಗೂ ಇಲ್ಲ. ಗಿಡದ ದಾರಿ ಹಿಡಿದವರು ಕೈಹಾಕಿದವುಗಳಲ್ಲಿ ಅದೂ ಒಂದು. ಚಾರ್ಲ್ಸ್ ಆರ್ನ್‌ಟ್‌ಜೆನ್ ಅವರ ತಂಡ ನೊರ್ವಾಕ್ ವೈರಾಣುವಿನ ಹೊರಕವಚದ ಪ್ರೋಟೀನನ್ನು ಆಲೂಗಡ್ಡೆಯಲ್ಲಿ ಬೆಳೆಯಿತು. 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ 20 ಮಂದಿ ಸ್ವಯಂಸೇವಕರು ಆ ಆಲೂಗಡ್ಡೆಯನ್ನು ಹಸಿಯಾಗಿ ತಿಂದರು. 19 ಮಂದಿಯಲ್ಲಿ ಪ್ರತಿಕಾಯ ಸ್ರವಿಸುವ ಕೋಶಗಳು ಹೆಚ್ಚಿದವು. ಆದರೆ ರಕ್ತದಲ್ಲಿ ಸ್ಪಷ್ಟ ಪ್ರತಿಕಾಯ ಕಂಡದ್ದು 4 ಮಂದಿಯಲ್ಲಿ, ಮಲದಲ್ಲಿ ಕಂಡದ್ದು 6 ಮಂದಿಯಲ್ಲಿ. ಆ ವರದಿಯಲ್ಲೇ ಇನ್ನೊಂದು ಅಂಕಿಯಿದೆ, ನನಗೆ ಅದೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಒಂದೊಂದು ಪಾಲು ಆಲೂಗಡ್ಡೆಯಲ್ಲಿದ್ದ ಪ್ರೋಟೀನ್ 215 ಮೈಕ್ರೋಗ್ರಾಂನಿಂದ 751 ಮೈಕ್ರೋಗ್ರಾಂವರೆಗೆ ಏರುಪೇರಾಗಿತ್ತು. ಒಂದೇ ತೂಕದ ತುಂಡು, ಮೂರುವರೆ ಪಟ್ಟು ವ್ಯತ್ಯಾಸ! ಬಾಳೆಹಣ್ಣಿನ ಲಸಿಕೆ ಅಂಗಡಿಗೆ ಬಾರದಿರಲು ಮುಖ್ಯ ಕಾರಣ ಇದೇ. ಗಿಡ ಸೋಲಲಿಲ್ಲ, ಲಸಿಕೆಯನ್ನು ಊಟವಾಗಿಸುತ್ತೇವೆ ಎಂಬ ಆಸೆ ಸೋತಿತು. ಕಡಿಮೆ ತಿಂದ ಮಗುವಿಗೆ ರಕ್ಷಣೆಯಿಲ್ಲ, ಬೇಯಿಸಿದರೆ ಪ್ರೋಟೀನೇ ಕೆಡುತ್ತದೆ, ಲಸಿಕೆಯ ಹಣ್ಣನ್ನು ಊಟದ ಹಣ್ಣಿನಿಂದ ಕಣ್ಣಲ್ಲಿ ಬೇರ್ಪಡಿಸಲೂ ಆಗದು. ಔಷಧಿ ಎಂದರೆ ಅಳತೆ. ಅಳತೆಯಿಲ್ಲದ್ದನ್ನು ಯಾವ ಮಗುವಿಗೂ ಕೊಡಬಾರದು.

ಒಬ್ಬರು: ಅಳತೆಯ ಮಾತನ್ನು ಒಪ್ಪಿದೆ. ಆದರೆ ಅದಕ್ಕಿಂತ ಆಳದ ಒಂದು ತೊಡಕು ಇದೆಯಲ್ಲ. ನಾವು ದಿನವೂ ಅಕ್ಕಿ, ಮೀನು, ಬೇಳೆ, ಹಾಲು ಎಂದು ನೂರಾರು ಬಗೆಯ ಪರಕೀಯ ಪ್ರೋಟೀನುಗಳನ್ನು ತಿನ್ನುತ್ತೇವೆ. ಮೈ ಅವುಗಳ ಮೇಲೆ ಯುದ್ಧ ಹೂಡುವುದಿಲ್ಲ. ಹೂಡಿದ್ದರೆ ನಾವು ಬದುಕುತ್ತಲೇ ಇರಲಿಲ್ಲ. ಬಾಯಿಯಿಂದ ಬಂದದ್ದನ್ನು ಸಹಿಸಿಕೋ ಎಂಬುದು ಕರುಳಿನ ಮೂಲಪಾಠ. ವೈರಾಣುವಿನ ಪ್ರೋಟೀನನ್ನೂ ಎಲೆಯ ಜೊತೆ ತಿನ್ನಿಸಿದರೆ ಮೈ ಅದನ್ನೂ ಊಟವೆಂದೇ ತಿಳಿದು, ಮುಂದೆ ನಿಜವಾದ ರೋಗ ಬಂದಾಗಲೂ ಸುಮ್ಮನಿದ್ದರೆ?

ಇನ್ನೊಬ್ಬರು: ಈ ವಿಷಯದಲ್ಲಿ ಎತ್ತಬಹುದಾದ ಆಕ್ಷೇಪಗಳಲ್ಲಿ ಇದೇ ಅತ್ಯಂತ ಗಟ್ಟಿಯಾದದ್ದು. ಉತ್ತರ ಇದೆ, ಪೂರ್ತಿ ಇಲ್ಲ. ಕರುಳಿನ ಗೋಡೆಯಲ್ಲಿ ಪೇಯರ್ ತೇಪೆಗಳೆಂಬ ಪುಟ್ಟ ಠಾಣೆಗಳಿವೆ. ಅವುಗಳ ಮೇಲೆ ಕೂತ ಎಂ ಕೋಶಗಳು ಕರುಳಿನಲ್ಲಿ ಹರಿಯುವುದರ ಮಾದರಿಯನ್ನು ಸದಾ ಒಳಗೆಳೆದು ಪರೀಕ್ಷೆಗೆ ಒಪ್ಪಿಸುತ್ತವೆ. ಕರಗಿ ಹೋದ ಬಿಡಿ ಪ್ರೋಟೀನನ್ನು ಮೈ ಸಹಿಸುತ್ತದೆ. ಆದರೆ ವೈರಾಣುವಿನಷ್ಟೇ ಗಾತ್ರದ, ವೈರಾಣುವಿನದೇ ಆಕಾರದ ಕಣವಾಗಿ ಬಂದರೆ ಅದನ್ನು ಎಂ ಕೋಶ ಬೇರೆ ರೀತಿಯಲ್ಲಿ ಗಮನಿಸುತ್ತದೆ. ನೊರ್ವಾಕ್ ಪ್ರೋಟೀನ್ ಗಿಡದೊಳಗೇ ತಾನಾಗಿ ಟೊಳ್ಳು ವೈರಾಣುವಿನ ಆಕಾರಕ್ಕೆ ಕೂಡಿಕೊಂಡದ್ದರಿಂದ ಬಹುಶಃ 19 ಮಂದಿಯ ಮೈ ಅದನ್ನು ಊಟವೆಂದು ಬಿಟ್ಟುಬಿಡಲಿಲ್ಲ. ಕರುಳಿನ ಕೋಶಗಳಿಗೆ ಅಂಟಿಕೊಳ್ಳುವ ಗುಣವುಳ್ಳ ಪ್ರೋಟೀನುಗಳೂ ಇದೇ ರೀತಿ ಗಮನ ಸೆಳೆಯುತ್ತವೆ. ಕೊಡುವ ಪ್ರಮಾಣ, ನಡುವಿನ ಅಂತರ, ಎಲೆಯ ಕೋಶಭಿತ್ತಿ ಜಠರಾಮ್ಲದಿಂದ ಪ್ರೋಟೀನನ್ನು ಎಷ್ಟು ಹೊತ್ತು ಕಾಯುತ್ತದೆ ಎಂಬುದು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಲಸಿಕೆಯನ್ನು ದಿನನಿತ್ಯದ ಊಟಕ್ಕೆ ಬೆರೆಸಬಾರದು ಎನ್ನಲು ಇದು ನನ್ನ ಎರಡನೆಯ ಕಾರಣ. ದಿನವೂ ತಿಂದರೆ ನೀವು ಹೇಳಿದ ಸಹನೆಯೇ ಬೆಳೆಯುವ ಅಪಾಯವಿದೆ. ವರ್ಷದಲ್ಲಿ ಎರಡೋ ಮೂರೋ ಸಲ, ಅಳೆದು, ಔಷಧಿಯಾಗಿಯೇ ಕೊಡಬೇಕು.

ಉತ್ತರ ಪೂರ್ತಿಯಿಲ್ಲ ಎಂದೆನಲ್ಲ, ಆ ಕೊರತೆ ಗಿಡದ ಲಸಿಕೆಯದು ಮಾತ್ರವಲ್ಲ. ವೆಲ್ಲೂರಿನ ಟಿ. ಜೇಕಬ್ ಜಾನ್ ಅವರು 1970ರ ದಶಕದಲ್ಲೇ ತೋರಿಸಿದ್ದರು: ಶ್ರೀಮಂತ ದೇಶದ ಮಗುವಿಗೆ ಸಾಕಾಗುವ ಮೂರು ಸಲದ ಪೋಲಿಯೋ ಹನಿ ನಮ್ಮ ಮಗುವಿಗೆ ಸಾಕಾಗುವುದಿಲ್ಲ ಎಂದು. ರೋಟಾವ್ಯಾಕ್ ಪ್ರಯೋಗ ದೆಹಲಿ, ಪುಣೆ, ವೆಲ್ಲೂರುಗಳಲ್ಲಿ 6,799 ಶಿಶುಗಳ ಮೇಲೆ ನಡೆಯಿತು. ಮೊದಲ ವರ್ಷದಲ್ಲಿ ತೀವ್ರ ರೋಟಾ ಭೇದಿಯನ್ನು ಅದು ತಡೆದದ್ದು ಸುಮಾರು 56 ಶೇಕಡಾ. ಅದೇ ದಾರಿಯ ಲಸಿಕೆಗಳು ಶ್ರೀಮಂತ ದೇಶಗಳಲ್ಲಿ 85 ಶೇಕಡಾಕ್ಕಿಂತ ಹೆಚ್ಚು ಕಾಯುತ್ತವೆ. ಮತ್ತೆ ಮತ್ತೆ ಸೋಂಕು ತಗುಲಿ ಸವೆದ ಕರುಳಿನ ಗೋಡೆ ಲಸಿಕೆಯನ್ನೂ ಸರಿಯಾಗಿ ಹಿಡಿದುಕೊಳ್ಳದಿರುವುದು ಇದಕ್ಕೊಂದು ಕಾರಣ ಎಂದು ತಿಳಿದವರು ಹೇಳುತ್ತಾರೆ. ಗಿಡದ ಲಸಿಕೆಯನ್ನೂ ನಮ್ಮ ಮಕ್ಕಳ ಕರುಳಿನಲ್ಲೇ ಪರೀಕ್ಷಿಸದೆ, ಬೇರೆ ದೇಶದ ಫಲಿತಾಂಶ ನೋಡಿ ಒಪ್ಪಿಕೊಳ್ಳುವಂತಿಲ್ಲ.

ಒಬ್ಬರು: ಹಾಗಾದರೆ ಕರುಳು ಸವೆಯದಂತೆ ಮಾಡುವುದೇ ಮೊದಲ ಕೆಲಸವಾಗಲಿಲ್ಲವೇ? ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಅಂತರ್ಜಲ ನೆಲದ ಮಟ್ಟಕ್ಕೇ ಏರುತ್ತದೆ. ಶೌಚಗುಂಡಿಯ ನೀರೂ ಬಾವಿಯ ನೀರೂ ಮರಳಿನೊಳಗೆ ಒಂದಾಗುತ್ತವೆ. ಬಾವಿ ಸರಿಮಾಡಲು ಬಳಸಬೇಕಾದ ಹಣವನ್ನು ಗಿಡದ ಲಸಿಕೆಗೆ ಸುರಿಯುವುದು ಸರಿಯೇ?

ಇನ್ನೊಬ್ಬರು: ಬಾವಿಯೂ ಬೇಕು, ಲಸಿಕೆಯೂ ಬೇಕು. ಕಾಲರಾ ಮತ್ತು ಟೈಫಾಯ್ಡ್ ಶುದ್ಧ ನೀರಿಗೆ ಸೋಲುತ್ತವೆ. ರೋಟಾ ಸೋಲುವುದಿಲ್ಲ. ಅದು ಪತ್ತೆಯಾದ ಮೆಲ್ಬರ್ನಿನಲ್ಲಿ ನಲ್ಲಿಯ ನೀರು ಕೆಟ್ಟಿರಲಿಲ್ಲ. ಲಸಿಕೆ ಬರುವ ಮೊದಲು ಅಮೆರಿಕದಲ್ಲೂ ಐದು ವರ್ಷ ತುಂಬುವುದರೊಳಗೆ ಹೆಚ್ಚು ಕಡಿಮೆ ಪ್ರತಿ ಮಗುವಿಗೂ ಅದು ತಗುಲುತ್ತಿತ್ತು. ಅಲ್ಲಿಯ ಮಗು ಬದುಕುತ್ತಿತ್ತು, ಇಲ್ಲಿಯ ಮಗು ಸಾಯುತ್ತಿತ್ತು, ವ್ಯತ್ಯಾಸ ಅಷ್ಟೇ. ಆ ಸಾವನ್ನು ತಗ್ಗಿಸಿದ್ದರಲ್ಲಿ ಉಪ್ಪು ಸಕ್ಕರೆ ನೀರಿನ ಪಾಲು ಎಷ್ಟು ದೊಡ್ಡದೆಂದು ನೆನೆಯಬೇಕು. 1971ರಲ್ಲಿ ಬಂಗಾವ್‌ನ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಲನಬೀಸ್ ಅವರು ಅದನ್ನು ಡ್ರಮ್ಮುಗಳಲ್ಲಿ ಕಲಸಿ ಕುಡಿಸಿದ್ದರಿಂದ ಉಳಿದ ಜೀವಗಳಿಗೆ ಲೆಕ್ಕವಿಲ್ಲ. ಅದು ಸಾವು ತಡೆಯುತ್ತದೆ, ಸೋಂಕು ತಡೆಯುವುದಿಲ್ಲ. ಸೋಂಕು ತಡೆಯಲು ಲಸಿಕೆ ಬೇಕೇಬೇಕು.

ಒಬ್ಬರು: ಇನ್ನು ನನ್ನ ದೊಡ್ಡ ಅಂಜಿಕೆ. ಅಂಕೋಲೆಯ ರೈತ ಕುಲಾಂತರಿ ಶೇಂಗಾವನ್ನು ತನ್ನ ಗದ್ದೆಯ ಬಳಿ ಬಿಟ್ಟುಕೊಳ್ಳುವುದಿಲ್ಲ, ಬಿಟ್ಟುಕೊಳ್ಳಲೂ ಬಾರದು. ಬಿಟಿ ಬದನೆಯಲ್ಲಿ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯವೇ ಪಾಲುದಾರನಾಗಿತ್ತು. ಅದರ ಬಗ್ಗೆ 2010ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಜನರ ಅಹವಾಲು ಕೇಳಿದರು, ಕೆಲವೇ ದಿನಗಳಲ್ಲಿ ಕೇಂದ್ರ ಸರ್ಕಾರ ಅದನ್ನು ತಡೆಹಿಡಿಯಿತು. ಅದು ಕೀಟ ಕೊಲ್ಲುವ ಬದನೆ. ಇದು ವೈರಾಣುವಿನ ತುಣುಕು ಹೊತ್ತ ಶೇಂಗಾ. ಜನ ಇದನ್ನು ಒಪ್ಪುವರೇ?

ಇನ್ನೊಬ್ಬರು: ಒಪ್ಪಬೇಕಾಗಿಲ್ಲ. ಗದ್ದೆಯಲ್ಲಿ ಬೆಳೆಯುವುದಕ್ಕೆ ನಾನೂ ವಿರೋಧಿಯೇ. ಶೇಂಗಾ ಗಿಡವನ್ನು ಹತ್ತಿರದಿಂದ ನೋಡಿದವರಿಗೆ ಕಾರಣ ಗೊತ್ತು. ಅದರ ಹಳದಿ ಹೂವು ಬೆಳಗಿನ ಜಾವ ಅರಳಿ ಬಿಸಿಲೇರುವಷ್ಟರಲ್ಲಿ ಬಾಡುತ್ತದೆ. ಅರಳುವ ಹೊತ್ತಿಗೇ ತನ್ನ ಪರಾಗದಿಂದ ತಾನೇ ಫಲಿಸಿರುತ್ತದೆ. ಆಮೇಲೆ ಹೂವಿನ ಬುಡದಿಂದ ಸೂಜಿಯಂಥ ತೊಟ್ಟೊಂದು ಕೆಳಗಿಳಿದು ಮಣ್ಣು ಹೊಕ್ಕು, ಅಲ್ಲಿ ಕಾಯಾಗುತ್ತದೆ. ಪರಾಗ ದೂರ ಹಾರದ ಗಿಡ ಎಂದು ಇದನ್ನು ಸುರಕ್ಷಿತವೆಂದು ವಾದಿಸುವವರಿದ್ದಾರೆ. ಆದರೆ ಅಪಾಯ ಪರಾಗದಲ್ಲಿಲ್ಲ, ಮಣ್ಣಿನೊಳಗಿದೆ. ಗಿಡ ಕಿತ್ತಾಗ ಕೆಲವು ಕಾಯಿ ಮರಳಿನಲ್ಲೇ ಉಳಿಯುತ್ತವೆ. ಎಷ್ಟು ಹೆಕ್ಕಿದರೂ ಮೊದಲ ಮಳೆಗೆ ಅಲ್ಲಲ್ಲಿ ಮೊಳಕೆ ಏಳುತ್ತದೆ. ಅಮೆರಿಕದಲ್ಲಿ ಆದದ್ದೂ ಇದೇ. ಪ್ರೋಡಿಜೀನ್ ಎಂಬ ಕಂಪನಿ ಹಂದಿಮರಿಗಳ ಕರುಳಿನ ವೈರಾಣುವಿಗೆ ಲಸಿಕೆಯನ್ನು ಮೆಕ್ಕೆಜೋಳದಲ್ಲಿ ಬೆಳೆಯುವ ಕೆಲಸದಲ್ಲಿತ್ತು. 2002ರಲ್ಲಿ ಅದರ ಹಿಂದಿನ ವರ್ಷದ ಔಷಧಿಜೋಳದ ಕಾಳು ಅದೇ ಹೊಲದ ಸೋಯಾಬೀನ್ ನಡುವೆ ತಾನಾಗಿ ಮೊಳೆತು, ನೆಬ್ರಾಸ್ಕದ ಗೋದಾಮಿನಲ್ಲಿ ಸುಮಾರು ಐದು ಲಕ್ಷ ಬುಶೆಲ್ ಸೋಯಾಬೀನ್ ನಾಶಮಾಡಬೇಕಾಯಿತು. ಕಂಪನಿಗೆ ದಂಡವೂ ಬಿತ್ತು. ಅಷ್ಟು ಯಂತ್ರ, ಅಷ್ಟು ಕಾನೂನು ಇದ್ದ ದೇಶದಲ್ಲಿ ಹಾಗಾದರೆ, ಪಕ್ಕದ ಗದ್ದೆಯ ಬೀಜವನ್ನೇ ಮುಂದಿನ ಬೆಳೆಗೆ ಬಳಸುವ, ಶೇಂಗಾ ಬಳ್ಳಿಯನ್ನು ದನಕ್ಕೆ ಹಾಕುವ ನಮ್ಮಲ್ಲಿ ಏನಾದೀತು? ಸೀಬರ್ಡ್ ನೌಕಾನೆಲೆ, ಕೈಗಾ ಅಣುಸ್ಥಾವರ ಎಂದು ದೇಶದ ಯೋಜನೆಗಳಿಗೆ ಕಾರವಾರ, ಅಂಕೋಲೆ ತಾಲ್ಲೂಕುಗಳ ಜನ ನೆಲ ಬಿಟ್ಟುಕೊಟ್ಟಿದ್ದಾರೆ. ಅವರ ಗದ್ದೆಯ ಬೀಜವನ್ನೂ ಪ್ರಯೋಗಕ್ಕೆ ಒಡ್ಡುವ ಹಕ್ಕು ಯಾರಿಗೂ ಇಲ್ಲ.

ಒಬ್ಬರು: ಹಾಗಾದರೆ ಬೆಳೆಯುವುದು ಎಲ್ಲಿ?

ಇನ್ನೊಬ್ಬರು: ಮುಚ್ಚಿದ ಮನೆಯಲ್ಲಿ. ಟೋಕಿಯೋ ವಿಶ್ವವಿದ್ಯಾಲಯದ ಹಿರೋಶಿ ಕಿಯೋನೊ ಅವರ ತಂಡ ಕಾಲರಾ ವಿಷದ ನಿರಪಾಯಕಾರಿ ಭಾಗವೊಂದನ್ನು ಭತ್ತದಲ್ಲಿ ಬೆಳೆದದ್ದು ಹೀಗೆ: ಮಣ್ಣಿಲ್ಲ, ಹೊಲವಿಲ್ಲ, ಕೃತಕ ಬೆಳಕು, ನೀರಿನಲ್ಲೇ ಬೇರು. ಕಾಳನ್ನು ಪುಡಿಮಾಡಿ, ಪ್ರೋಟೀನ್ ಅಳೆದು, ನೀರಲ್ಲಿ ಕಲಸಿ ಕುಡಿಸುತ್ತಾರೆ. ಅಕ್ಕಿಯ ಕಾಳಿನೊಳಗಿನ ಪ್ರೋಟೀನ್ ಗಂಟುಗಳಲ್ಲಿ ಕೂತ ಆ ಲಸಿಕೆ ಕೋಣೆಯ ಬಿಸಿಯಲ್ಲೇ ಒಂದೂವರೆ ವರ್ಷಕ್ಕೂ ಮೀರಿ ಕೆಡದೆ ಉಳಿಯಿತು, ಜಠರದ ಪೆಪ್ಸಿನ್‌ಗೂ ಬಗ್ಗಲಿಲ್ಲ. 2021ರಲ್ಲಿ ಅದರ ಮೊದಲ ಹಂತದ ಮಾನವ ಪ್ರಯೋಗದ ವರದಿ ಬಂತು. ಸುರಕ್ಷಿತವೆಂದು ಕಂಡಿತು, ಪ್ರತಿಕಾಯ ಹುಟ್ಟಿತು, ಕೆಲವರಲ್ಲಿ ಮಾತ್ರ ಪ್ರತಿಕ್ರಿಯೆ ತೀರ ಕಡಿಮೆ ಇತ್ತು. ಅಂಥವರ ಕರುಳಿನ ಸೂಕ್ಷ್ಮಜೀವಿಗಳ ವೈವಿಧ್ಯವೂ ಕಡಿಮೆ ಇದ್ದದ್ದು ಕಂಡುಬಂತು. ರೋಟಾ ವೈರಾಣುವನ್ನು ಹಿಡಿದಿಡುವ ಪ್ರತಿಕಾಯವನ್ನೇ ಅಕ್ಕಿಯಲ್ಲಿ ಬೆಳೆದ ಕೆಲಸವೂ ಅದೇ ತಂಡದ್ದು. ಇದು ಅನ್ನವಲ್ಲ, ಅಕ್ಕಿಯಲ್ಲಿ ತಯಾರಾದ ಔಷಧಿ. ನಾನು ಒಪ್ಪುವ ಗಿಡದ ಲಸಿಕೆ ಇಂಥದು.

ಒಬ್ಬರು: ಗಾಜಿನ ಮನೆ, ಕೃತಕ ಬೆಳಕು, ಪುಡಿ, ಅಳತೆ. ಇಷ್ಟೆಲ್ಲ ಮಾಡುವುದಾದರೆ ಕಾರ್ಖಾನೆಯ ಲಸಿಕೆಗೂ ಇದಕ್ಕೂ ಏನು ಅಂತರ ಉಳಿಯಿತು? ಬಡವನ ಹಿತ್ತಲಲ್ಲಿ ಲಸಿಕೆ ಬೆಳೆಯುತ್ತದೆ ಎಂಬ ಕನಸು ಅಲ್ಲಿಗೆ ಮುಗಿಯಿತಲ್ಲ?

ಇನ್ನೊಬ್ಬರು: ಆ ಕನಸು ಮುಗಿಯಲಿ, ಅದು ಬಡವನಿಗೆ ಒಳ್ಳೆಯದನ್ನು ಮಾಡುತ್ತಿರಲಿಲ್ಲ. ಉಳಿಯುವ ಲಾಭ ಸಣ್ಣದಲ್ಲ. ಪ್ರಾಣಿಕೋಶಗಳನ್ನು ಉಕ್ಕಿನ ತೊಟ್ಟಿಗಳಲ್ಲಿ ಸಾಕಿ, ಪ್ರೋಟೀನನ್ನು ಹಂತಹಂತವಾಗಿ ಶುದ್ಧಮಾಡಿ, ಸೂಜಿಗೆ ತುಂಬಿ, ಎರಡರಿಂದ ಎಂಟು ಡಿಗ್ರಿಯಲ್ಲಿ ಊರೂರಿಗೆ ಒಯ್ಯುವುದರಲ್ಲಿ ಖರ್ಚಿನ ದೊಡ್ಡ ಪಾಲು ಹೋಗುತ್ತದೆ. ನುಂಗುವ ಪುಡಿಗೆ ಆ ಮಟ್ಟದ ಶುದ್ಧೀಕರಣ ಬೇಡ, ಸೂಜಿ ಬೇಡ, ಫ್ರಿಜ್ಜೂ ಬೇಡವಾಗಬಹುದು. ಜೂನ್ ಜುಲೈಯಲ್ಲಿ ಮರ ಬಿದ್ದು ಕರೆಂಟು ಹೋದರೆ ಮತ್ತೆ ಬರುವುದು ಯಾವಾಗ ಎಂದು ತಿಳಿಯದ ಈ ಕರಾವಳಿಗೆ ಅದರ ಬೆಲೆ ಗೊತ್ತು. ಗಿಡದ ಕೋಶದಲ್ಲಿ ಕಟ್ಟುನಿಟ್ಟಿನ ಔಷಧಿ ತಯಾರಾಗುವುದಿಲ್ಲ ಎಂಬ ಅನುಮಾನವೂ ಹಳೆಯದಾಯಿತು. 2012ರಿಂದ ಗೋಶೆ ಎಂಬ ಅಪರೂಪದ ರೋಗಕ್ಕೆ ಗಜ್ಜರಿಯ ಕೋಶಗಳಲ್ಲಿ ತಯಾರಾದ ಔಷಧಿಯೊಂದು ಅಮೆರಿಕದಲ್ಲಿ ಅನುಮತಿ ಪಡೆದು ಬಳಕೆಯಲ್ಲಿದೆ. ಕೆನಡಾದ ಮೆಡಿಕಾಗೊ ಎಂಬ ಕಂಪನಿ ತಂಬಾಕಿನ ಜಾತಿಯ ಗಿಡದಲ್ಲಿ ತಯಾರಿಸಿದ ಕೋವಿಡ್ ಲಸಿಕೆಗೆ 2022ರ ಫೆಬ್ರವರಿಯಲ್ಲಿ ಅಲ್ಲಿಯ ಸರ್ಕಾರದ ಒಪ್ಪಿಗೆ ಸಿಕ್ಕಿತು. ಅದು ಸೂಜಿಯದೇ, ಆದರೂ ಗಿಡದಲ್ಲಿ ಬೆಳೆದದ್ದು. ಆದರೆ ಕಂಪನಿಯಲ್ಲಿ ಸಿಗರೇಟು ಉದ್ಯಮದ ಪಾಲಿತ್ತೆಂಬ ಕಾರಣಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತನ್ನ ಪಟ್ಟಿಗೆ ಸೇರಿಸಲಿಲ್ಲ. ಮರುವರ್ಷ ಒಡೆಯ ಕಂಪನಿ ಮೆಡಿಕಾಗೊವನ್ನೇ ಮುಚ್ಚಿತು. ವಿಜ್ಞಾನ ಗೆದ್ದ ಮೇಲೂ ಲಸಿಕೆ ಇಲ್ಲವಾಯಿತು. ಇಂಥ ಕೆಲಸ ಸಾರ್ವಜನಿಕ ಸಂಸ್ಥೆಯ ಕೈಯಲ್ಲೇ ಇರಬೇಕು ಎನ್ನಲು ನನಗೆ ಬೇರೆ ಸಾಕ್ಷಿ ಬೇಡ.

ಒಬ್ಬರು: ಕೊನೆಯದಾಗಿ ಒಂದು ಅನುಮಾನ. ಅಂಕೋಲೆಯವರಿಗೆ ಗಿಡದ ಔಷಧಿ ಹೊಸದಲ್ಲ. ಬೆಳಂಬಾರದ ಪಾರ್ಶ್ವವಾಯು ಔಷಧಿಗೆ ದೂರದೂರದಿಂದ ಜನ ಬರುತ್ತಾರೆ. ಗಿಡದ ಲಸಿಕೆ ಎಂದರೆ ಜನ ಅದನ್ನೂ ನಾಟಿ ಔಷಧಿಯೆಂದೇ ತಿಳಿಯುತ್ತಾರೆ, ಗಿಡದ್ದಾದ್ದರಿಂದ ಕೆಡುಕಿಲ್ಲ ಎಂದು ಸುಲಭವಾಗಿ ಒಪ್ಪಿಬಿಡುತ್ತಾರೆ.

ಇನ್ನೊಬ್ಬರು: ಹಾಗೆ ಒಪ್ಪಿಸುವುದು ಮೋಸವಾಗುತ್ತದೆ. ನಾಟಿ ವೈದ್ಯರು ಬಳಸುವುದು ಗಿಡ ತನ್ನದೇ ಆಗಿ ಮಾಡಿಕೊಂಡ ಗುಣವನ್ನು. ಇಲ್ಲಿ ಗಿಡಕ್ಕೆ ಅದರದಲ್ಲದ ಕೆಲಸವನ್ನು ನಾವು ಹಚ್ಚಿದ್ದೇವೆ. ಅದನ್ನು ಬಿಡಿಸಿ ಹೇಳಿಯೇ ಕೊಡಬೇಕು. ಬೇಡ ಎನ್ನುವ ಹಕ್ಕು ತಾಯಿಗೂ ರೈತನಿಗೂ ಇರಬೇಕು.

ನನ್ನ ಕೋರಿಕೆ ಇಷ್ಟೇ. ಮಕ್ಕಳಿಂದ ಶುರುಮಾಡಬೇಡಿ, ಕುರಿ ಮೇಕೆಗಳಿಂದ ಶುರುಮಾಡಿ. ಅಳತೆ ತುಸು ಹೆಚ್ಚುಕಡಿಮೆಯಾದರೂ ಅಲ್ಲಿ ಕಲಿಯಲು ಅವಕಾಶವಿದೆ, ನಷ್ಟವಾದರೆ ತುಂಬಿಕೊಡಬಹುದು. ಇದಕ್ಕೆ ಬೇಕಾದವರೆಲ್ಲ ಒಂದೇ ನಗರದಲ್ಲಿದ್ದಾರೆ. ಶೇಂಗಾ ಗಿಡದಲ್ಲಿ ಪಿಪಿಆರ್ ಪ್ರೋಟೀನ್ ಬೆಳೆದ ವಿಜ್ಞಾನ ಸಂಸ್ಥೆ, ಹೆಬ್ಬಾಳದ ಪಶುವೈದ್ಯಕೀಯ ಜೈವಿಕ ಸಂಸ್ಥೆ, ಯಲಹಂಕದಲ್ಲಿ ದೇಶದ ಪ್ರಾಣಿರೋಗಗಳ ಲೆಕ್ಕವಿಡುವ ನಿವೇದಿ, ಎಲ್ಲವೂ ಬೆಂಗಳೂರಿನಲ್ಲೇ ಇವೆ. ರಾಜ್ಯ ಸರ್ಕಾರ ಒಂದು ಮುಚ್ಚಿದ ಸಸ್ಯಾಗಾರ ಕಟ್ಟಿಸಿ, ಆ ಶೇಂಗಾ ಎಲೆಯನ್ನು ಅಳೆದ ಪುಡಿಯಾಗಿಸಿ, ಅದನ್ನು ತಿಂದ ಕುರಿ ನಿಜವಾದ ವೈರಾಣುವನ್ನು ಎದುರಿಸಿ ಉಳಿಯುತ್ತದೆಯೇ ಎಂದು ಭದ್ರ ಪ್ರಯೋಗಾಲಯದಲ್ಲಿ ನೋಡಿಸಲಿ. ಫಲಿತಾಂಶ ಒಳ್ಳೆಯದಿರಲಿ, ಕೆಟ್ಟದ್ದಿರಲಿ, ಕನ್ನಡದಲ್ಲಿ ಪ್ರಕಟಿಸಲಿ. ಅಲ್ಲಿ ಗೆದ್ದರೆ ನೊರೊ ವೈರಾಣುವಿನ ಲಸಿಕೆಗೆ ಕೈಹಾಕಲಿ.

ಅಲ್ಲಿಯವರೆಗೆ ಇರುವುದನ್ನು ಬಿಡಬೇಡಿ. ರೋಟಾ ಲಸಿಕೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತದೆ, ಮಗುವಿಗೆ 6, 10 ಮತ್ತು 14 ವಾರ ತುಂಬಿದಾಗ. ಮೂರನ್ನೂ ಹಾಕಿಸಿ. ಭೇದಿ ಶುರುವಾದ ಮೊದಲ ಗಂಟೆಯಲ್ಲೇ ಓಆರ್‌ಎಸ್ ಕುಡಿಸಿ, ಜೊತೆಗೆ ಸತುವಿನ ಮಾತ್ರೆ ಕೊಡಿಸಿ. ಮೇಕೆ ಸಾಕಿದವರು ಪಶು ಆಸ್ಪತ್ರೆಯವರು ಬಂದಾಗ ಪಿಪಿಆರ್ ಲಸಿಕೆಗೆ ಒಂದು ಮರಿಯನ್ನೂ ಬಿಡದೆ ಒಡ್ಡಿ.